ಕಾರ್ಬನ್ ಕ್ರ್ಯಾಂಕ್ ಹಾಕಿದೆ: ಬಲಗಡೆ ಫ್ರೇಮಿಗೆ ತಾಗುತ್ತಿದೆ, ಎಡಗಡೆ ಸಂದು. ಏನು ತಪ್ಪಾಗಿದೆ?

ಜಯನಗರದ ಸವಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನದು ಹಳೇ ಅಲ್ಯೂಮಿನಿಯಂ ರೋಡ್ ಸೈಕಲ್. ರಿಮ್ ಬ್ರೇಕ್, ಹಿಂದೆ 130 ಮಿ.ಮೀ. ಹಬ್, ಥ್ರೆಡ್ ಇರುವ 68ರ ಬಿಎಸ್‌ಎ ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಆಕ್ಸಲ್ ತಿರುಗುವ ಜಾಗ). ಇಷ್ಟು ದಿನ ಶಿಮಾನೊದ 24 ಮಿ.ಮೀ. ಆಕ್ಸಲ್‌ನ ಕ್ರ್ಯಾಂಕ್ (ಪೆಡಲ್ ಕೂರುವ ಎರಡು ಆರ್ಮ್, ಆಕ್ಸಲ್, ಚೈನ್‌ರಿಂಗ್ ಸೇರಿದ ಸೆಟ್) ಇತ್ತು, ಏನೂ ತೊಂದರೆ ಇರಲಿಲ್ಲ. ಸುಮ್ನೆ ಇರಲಾರದೆ ಆನ್‌ಲೈನಿನಲ್ಲಿ ಒಂದು ಕಾರ್ಬನ್ ಕ್ರ್ಯಾಂಕ್ ತರಿಸಿದೆ. 30 ಮಿ.ಮೀ. ಆಕ್ಸಲ್, 50/34 ಹಲ್ಲಿನ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ). ‘ಬಿಎಸ್‌ಎ, ಬಿಬಿ86, ಬಿಬಿ30, ಪಿಎಫ್30 ಎಲ್ಲದಕ್ಕೂ ಆಗುತ್ತೆ’ ಅಂತ ಬರೆದಿದ್ದರು, ಇವೆಲ್ಲ ಬಿಬಿಯ ಬೇರೆ ಬೇರೆ ಜಾತಿ. ಅದಕ್ಕೆ ಸರಿಯಾದ 30 ಮಿ.ಮೀ. ಬಿಎಸ್‌ಎ ಕಪ್‌ಗಳನ್ನೂ (ಬೇರಿಂಗ್ ಕೂರುವ ಬಟ್ಟಲು) ಬೇರೆಯಾಗಿ ತಗೊಂಡೆ. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ತುಂಬಾ ವಾಷರ್ ಬಂತು. ಯಾವುದು ಎಲ್ಲಿಗೆ ಅಂತ ಒಂದು ಸಾಲು ಕೂಡ ಬರೆದಿರಲಿಲ್ಲ.

ಹಾಕಿದೆ. ಎಡ ಆರ್ಮ್ ಪೂರ್ತಿ ಕೂತ ಮೇಲೂ ಬೇರಿಂಗಿಗೂ ಆರ್ಮಿಗೂ ನಡುವೆ ಸಂದು ಉಳಿಯಿತು. ಚೀಲದಲ್ಲಿದ್ದ ದಪ್ಪ ರಿಂಗೊಂದನ್ನೂ ಅಲೆ ಅಲೆಯಾಗಿ ಬಗ್ಗಿದ್ದ ವಾಷರನ್ನೂ ಎಡಗಡೆಗೇ ತುರುಕಿದೆ. ಅಲುಗಾಟ ಹೋಯಿತು. ಆದರೆ ಬಲಗಡೆ ಒಳಗಿನ ಚೈನ್‌ರಿಂಗ್ ಚೈನ್‌ಸ್ಟೇಗೆ (ಬಿಬಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಎಷ್ಟು ಹತ್ತಿರ ಅಂದರೆ ಒಂದು ಎಟಿಎಂ ಕಾರ್ಡ್ ಮಾತ್ರ ತೂರುತ್ತೆ. ಎದ್ದು ನಿಂತು ತುಳಿದರೆ ‘ಸರ್ ಸರ್’ ಅನ್ನುತ್ತೆ. ನಿನ್ನೆ ಕನಕಪುರ ರಸ್ತೆಯಿಂದ ವಾಪಸ್ ಬಂದು ನೋಡಿದರೆ ಚೈನ್‌ಸ್ಟೇ ಮೇಲೆ ಉಗುರಿನಷ್ಟು ಜಾಗದಲ್ಲಿ ಪೇಂಟ್ ಎದ್ದಿದೆ, ಸುತ್ತ ಕಪ್ಪು ಮಸಿ. ಅದರ ಮೇಲೆ ಚೈನ್ ತೆಗೆದು ಕೈಯಲ್ಲಿ ತಿರುಗಿಸಿದರೆ ಕ್ರ್ಯಾಂಕ್ ಅರ್ಧ ಸುತ್ತಿಗೇ ನಿಲ್ಲುತ್ತೆ.

ಏನು ಮಾಡಲಿ?


ಹಳೇ ಅಟ್ಲಾಸ್:

ನಮ್ಮ ಕಾಲದಲ್ಲಿ ಕ್ರ್ಯಾಂಕ್ ಹಿಡಿದಿಡಲು ಕಾಟರ್ ಪಿನ್ ಇತ್ತು. ಸಡಿಲ ಆದರೆ ಪಂಕ್ಚರ್ ಅಂಗಡಿಯವನು ಸುತ್ತಿಗೆಯಿಂದ ಎರಡು ಏಟು ಹಾಕಿ ನಾಲ್ಕಾಣೆ ತಗೊಳ್ಳುತ್ತಿದ್ದ. ಹೇಳಿದೆ ಅಷ್ಟೆ.


ಧಾರವಾಡ ಪೇಡೆ:

ಅಣ್ಣಾರ, ಬೋಲ್ಟ್ ಇನ್ನೂ ಪೂರ್ತಿ ಬಿಗಿ ಆಗಿಲ್ಲ ಅನಿಸುತ್ತದೆ. ಉದ್ದನೆಯ ಅಲೆನ್ ಕೀ ತಗೊಂಡು ಗಟ್ಟಿ ತಿರುಗಿಸ್ರಿ. ನಂದೂ ಮೊದಲು ಹಂಗs ಇತ್ತು, ಬಿಗಿ ಮಾಡಿದ ಮೇಲೆ ಸಂದು ಹೋತು.


ಪೀಣ್ಯ ಫಿಟ್ಟರ್:

ದಯವಿಟ್ಟು ಹಾಗೆ ಮಾಡಬೇಡಿ. ಪೇಡೆಯವರ ಕ್ರ್ಯಾಂಕ್ ಬೇರೆ ಜಾತಿ ಇರಬಹುದು. ಶಿಮಾನೊದಲ್ಲಿ ಎಡ ಆರ್ಮ್ ಆಕ್ಸಲ್ ಮೇಲೆ ಜಾರುತ್ತೆ. ತುದಿಯ ಪ್ಲಾಸ್ಟಿಕ್ ಕ್ಯಾಪ್ ಅದನ್ನು ಒಳಕ್ಕೆ ತಳ್ಳುತ್ತೆ, ಆಮೇಲೆ ಪಕ್ಕದ ಎರಡು ಬೋಲ್ಟ್ ಹಿಡಿದಿಟ್ಟುಕೊಳ್ಳುತ್ತವೆ. ಆ ಕ್ಯಾಪಿಗೆ 0.7ರಿಂದ 1.5 ನ್ಯೂಟನ್ ಮೀಟರ್ ಸಾಕು, ಅಂದರೆ ಬೆರಳಲ್ಲಿ ತಿರುಗಿಸಿದಷ್ಟು. ಪಕ್ಕದ ಬೋಲ್ಟ್‌ಗಳಿಗೆ 12ರಿಂದ 14. ಅಲ್ಲಿ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತೆ.

ಸವಾರರು ಹೇಳುತ್ತಿರುವ ಕ್ರ್ಯಾಂಕಿನಲ್ಲಿ ಎಡ ಆರ್ಮ್ ಹಲ್ಲುಗಳ ಮೇಲೆ ಕೂತು, ಒಂದು ಮೆಟ್ಟಿಲಿಗೆ ತಾಗಿ ನಿಲ್ಲುತ್ತೆ. ಅಲ್ಲಿಂದ ಮುಂದಕ್ಕೆ ಅದು ಹೋಗುವುದೇ ಇಲ್ಲ. ನೀವು ಹಲ್ಲು ಕಚ್ಚಿ ತಿರುಗಿಸಿದರೆ ಬೋಲ್ಟ್ ಹೋಗುತ್ತೆ, ಇಲ್ಲ ಕಾರ್ಬನ್ ಒಳಗೆ ಅಂಟಿಸಿರುವ ಅಲ್ಯೂಮಿನಿಯಂ ತುಂಡು ಹೋಗುತ್ತೆ. ಸಂದು ಮಾತ್ರ ಅಲ್ಲೇ ಇರುತ್ತೆ. ಉಳಿದ ಜಾಗವನ್ನು ವಾಷರೇ ತುಂಬಬೇಕು. ಎಷ್ಟು ತುಂಬಬೇಕು, ಯಾವ ಕಡೆ ಎಷ್ಟು, ಅದೇ ಲೆಕ್ಕ.

ಇನ್ನೊಂದು ಮಾತು. ‘30 ಮಿ.ಮೀ.’ ಅನ್ನುವುದು ಆಕ್ಸಲ್ಲಿನ ದಪ್ಪ ಮಾತ್ರ, ಉದ್ದ ಅಲ್ಲ. ಬಿಬಿ30 ಫ್ರೇಮಿಗೆ ಬರುವ ಗಿಡ್ಡ 30 ಇದೆ, 386 ಇವೊಗೆ ಬರುವ ಉದ್ದ 30 ಇದೆ. ಬಿಬಿ30ರಲ್ಲಿ ಶೆಲ್ (ಬಿಬಿ ಕೂರುವ ಫ್ರೇಮಿನ ಕೊಳವೆ) ಅಗಲ 68, ಬೇರಿಂಗ್ ಒಳಗೇ ಕೂರುತ್ತೆ. 386ರಲ್ಲಿ ಶೆಲ್ಲೇ 86.5. ಬಿಎಸ್‌ಎಯಲ್ಲಿ ಶೆಲ್ 68 ಆದರೂ ಬೇರಿಂಗ್ ಹೊರಗಿರುವುದರಿಂದ ಕೊನೆಗೆ 90ರ ಹತ್ತಿರ ಹೋಗುತ್ತೆ. ಹಾಗಾಗಿ ಬಿಎಸ್‌ಎಗೆ ಉದ್ದದ್ದೇ ಬೇಕು. ‘ಎಲ್ಲದಕ್ಕೂ ಆಗುತ್ತೆ’ ಅಂದರೆ ಎಲ್ಲಕ್ಕಿಂತ ಉದ್ದ ಮಾಡಿ, ಮಿಕ್ಕಿದ್ದನ್ನು ವಾಷರ್ ಚೀಲದ ಮೇಲೆ ಬಿಟ್ಟಿದ್ದಾರೆ ಅಂತ ಅರ್ಥ.

ಎಡ ಆರ್ಮ್ ಬಿಚ್ಚಿ, ಎಲ್ಲ ವಾಷರ್ ತೆಗೆಯಿರಿ. ವರ್ನಿಯರ್ ಇದೆಯಾ? ಬಲ ಬೇರಿಂಗಿನ ಹೊರಮುಖದಿಂದ ಎಡ ಬೇರಿಂಗಿನ ಹೊರಮುಖಕ್ಕೆ ಎಷ್ಟು ಅಂತ ಅಳೆಯಿರಿ. ವಾಷರ್ ಇಲ್ಲದೆ ಆರ್ಮ್ ಹಾಕಿ ಉಳಿಯುವ ಸಂದು ಅಳೆಯಿರಿ. ಆರ್ಮಿಗೂ ಚೈನ್‌ಸ್ಟೇಗೂ ನಡುವೆ ಎರಡೂ ಕಡೆ ಎಷ್ಟಿದೆ ನೋಡಿ.


ಕುಡ್ಲದ ಸೈಕಲ್:

ಫಿಟ್ಟರ್ ಹೇಳುವುದು ಸರಿ ಉಂಟು ಮಾರಾಯ್ರೇ. ನನ್ನ ಕಥೆ ಸ್ವಲ್ಪ ಬೇರೆ. ನನ್ನದು ಬಿಬಿ86 ಫ್ರೇಮ್. ಅದರ ತೂತು 41 ಮಿ.ಮೀ. ಅದರೊಳಗೆ 30ರ ಆಕ್ಸಲ್ ಹೋದರೆ ಸುತ್ತಲೂ ಉಳಿಯುವುದು ಐದೂವರೆ ಮಿ.ಮೀ. ಅಷ್ಟರಲ್ಲೇ ಕಪ್ಪೂ ಬೇಕು, ಬೇರಿಂಗೂ ಬೇಕು. ಹಾಗಾಗಿ 6706 ಅಂತ ಕಡ್ಡಿಯ ಹಾಗಿನ ಬೇರಿಂಗ್ ಹಾಕುತ್ತಾರೆ. ಒಳಗೆ 30, ಹೊರಗೆ 37, ಅಗಲ ಬರೀ 4. ಅದರ ಗುಂಡು ನೋಡಿದರೆ ಸಾಸಿವೆ ಅನ್ನಬೇಕು. ನಮ್ಮಲ್ಲಿಯ ಮಳೆಗೆ ಜೂನ್‌ನಲ್ಲಿ ಹಾಕಿದ್ದು ಆಗಸ್ಟಿಗೆ ಮುಗಿಯಿತು. ವಾಪಸ್ 24ಕ್ಕೆ ಹೋದೆ. ಕ್ರ್ಯಾಂಕ್ ಈಗ ಶೋಕೇಸಿನಲ್ಲಿ ಉಂಟು.

ನಿಮ್ಮದು ಬಿಎಸ್‌ಎ, ನೀವು ಬಚಾವ್. ಹೊರಗಿನ ಕಪ್ಪಿನಲ್ಲಿ 6806 ಕೂರುತ್ತದೆ. 42 ಹೊರವ್ಯಾಸ, 7 ಅಗಲ. ಅದು ಗಟ್ಟಿ.


ಜಯನಗರದ ಸವಾರ:

ಫಿಟ್ಟರ್ ಸರ್, ಅಳೆದೆ. ಎರಡೆರಡು ಸಲ.

ಬೇರಿಂಗ್ ಮುಖದಿಂದ ಮುಖಕ್ಕೆ 90.2. ವಾಷರ್ ಇಲ್ಲದೆ ಎಡಗಡೆ ಸಂದು 3.2. ವಾಷರೆಲ್ಲ ಎಡಗಡೆ ಇದ್ದಾಗ ಬಲ ಆರ್ಮಿಗೂ ಚೈನ್‌ಸ್ಟೇಗೂ 4, ಎಡಗಡೆ 7. ಚೀಲದಲ್ಲಿ ಇರುವುದು: 2.5 ದಪ್ಪದ ರಿಂಗ್ ಒಂದು, 1.0 ಒಂದು, 0.5 ಎರಡು, ಅಲೆ ವಾಷರ್ ಒಂದು. ಅಲೆ ವಾಷರ್ ಒತ್ತಿದಾಗ ಸುಮಾರು 0.7 ಆಗುತ್ತೆ.


ರೈನ್ ದಡದಿಂದ:

ಜರ್ಮನಿಯಿಂದ ಬರೆಯುತ್ತಿದ್ದೇನೆ, ಮೂಲ ತುಮಕೂರು. ಇಲ್ಲಿ ಚಳಿಗಾಲದಲ್ಲಿ ಸೈಕಲ್ ಓಡಿಸುವುದಕ್ಕಿಂತ ಬಿಚ್ಚಿ ಕೂರಿಸುವುದೇ ಜಾಸ್ತಿ, ಹಾಗಾಗಿ ಈ ಲೆಕ್ಕ ಬಾಯಿಪಾಠ.

ಮೊದಲು ಚೈನ್‌ಲೈನ್ ನೋಡಿ. ಫ್ರೇಮಿನ ನಡುಗೆರೆಯಿಂದ ಎರಡು ಚೈನ್‌ರಿಂಗ್‌ಗಳ ನಡುಭಾಗಕ್ಕೆ ಎಷ್ಟು ದೂರ ಅಂತ. ಸೀಟ್ ಟ್ಯೂಬಿನ ಮೇಲ್ಮೈಯಿಂದ ಅಳೆದು, ಟ್ಯೂಬಿನ ಅರ್ಧ ದಪ್ಪ ಸೇರಿಸಿದರೆ ಆಯಿತು. ರಿಮ್ ಬ್ರೇಕ್ ಕಾಲದ ಶಿಮಾನೊ ರೋಡ್ ಕ್ರ್ಯಾಂಕ್‌ಗಳು 43.5ಕ್ಕೆ ಮಾಡಿದವು. ಈಗಿನ 12 ಸ್ಪೀಡ್‌ನವು 44.5, ಯಾಕೆಂದರೆ ಡಿಸ್ಕ್ ಫ್ರೇಮಿನಲ್ಲಿ ಹಿಂದಿನ ಹಬ್ ಅಗಲ ಆಯಿತು. ಗ್ರಾವೆಲ್‌ಗೆ, ಅಂದರೆ ಮಣ್ಣುದಾರಿಯ ಸೈಕಲಿಗೆ, ಬರುವ ಶಿಮಾನೊ ಜಿಆರ್‌ಎಕ್ಸ್ 46.9. ಅದಕ್ಕೇ ಜಿಆರ್‌ಎಕ್ಸ್‌ಗೆ ಬೇರೆ ಫ್ರಂಟ್ ಡಿರೇಲರ್ (ಚೈನನ್ನು ಮುಂದಿನ ರಿಂಗ್‌ಗಳ ನಡುವೆ ಸರಿಸುವ ಭಾಗ) ಬೇಕು. ರೋಡ್‌ನದನ್ನು ಹಾಕಿ ‘ಶಿಫ್ಟೇ ಆಗ್ತಿಲ್ಲ’ ಅಂತ ಗೋಳಾಡುವವರು ತಿಂಗಳಿಗೊಬ್ಬರು ಸಿಗುತ್ತಾರೆ.


ಜಯನಗರದ ಸವಾರ:

ಸೀಟ್ ಟ್ಯೂಬ್ 31.8, ಅರ್ಧ 15.9. ಅಲ್ಲಿಂದ ಚೈನ್‌ರಿಂಗ್ ನಡುವಿಗೆ 26. ಒಟ್ಟು 41.9.


ರೈನ್ ದಡದಿಂದ:

43.5 ಆಗಬೇಕಾದದ್ದು 41.9. ಅಂದರೆ ಇಡೀ ಕ್ರ್ಯಾಂಕ್ ಒಂದೂವರೆ ಮಿ.ಮೀ. ಎಡಕ್ಕೆ ಕೂತಿದೆ. ಆರ್ಮ್ ಲೆಕ್ಕವೂ ಅದನ್ನೇ ಹೇಳುತ್ತೆ. 4 ಮತ್ತು 7, ವ್ಯತ್ಯಾಸ 3, ಅದರ ಅರ್ಧ ಒಂದೂವರೆ. ಎರಡು ಬೇರೆ ಬೇರೆ ಅಳತೆ ಒಂದೇ ಉತ್ತರ ಕೊಟ್ಟರೆ ನಂಬಬಹುದು.

ಸುಲಭದ ದಾರಿ ಹೇಳಲಾ? ಆ 2.5ರ ರಿಂಗನ್ನು ಬಲಗಡೆ ಕಪ್ಪಿಗೂ ಫ್ರೇಮಿಗೂ ನಡುವೆ ಹಾಕಿ. ಚೈನ್‌ಲೈನ್ 44.4 ಆಗುತ್ತೆ. ಎಡಗಡೆ ಉಳಿಯುವ 0.7ಕ್ಕೆ ಅಲೆ ವಾಷರ್ ಒಂದೇ ಸಾಕು. ಹತ್ತು ನಿಮಿಷದ ಕೆಲಸ.


ಪೀಣ್ಯ ಫಿಟ್ಟರ್:

ಒಂದು ನಿಮಿಷ. ಸವಾರರೇ, ಆ 2.5ರ ರಿಂಗಿನ ಒಳವ್ಯಾಸ ಎಷ್ಟು? ಅಳೆದು ಹೇಳಿ. ನನಗೊಂದು ಅನುಮಾನ ಇದೆ.


ಜಯನಗರದ ಸವಾರ:

35.2.

...ಆಕ್ಸಲ್ 30. ಅಯ್ಯೋ.


ಪೀಣ್ಯ ಫಿಟ್ಟರ್:

ಹೂಂ. ನಿಮ್ಮ ಕ್ರ್ಯಾಂಕ್ ಅರ್ಧ ಸುತ್ತಿಗೆ ಯಾಕೆ ನಿಲ್ಲುತ್ತಿತ್ತು ಅಂತ ಈಗ ಗೊತ್ತಾಯ್ತಲ್ವಾ?

ಅದು ಆಕ್ಸಲ್ ಮೇಲೆ ಹಾಕುವ ರಿಂಗೇ ಅಲ್ಲ. ಬಿಎಸ್‌ಎ ಕಪ್ಪಿನ ಥ್ರೆಡ್ 1.37 ಇಂಚು, ಅಂದರೆ 34.8 ಮಿ.ಮೀ. ಆ ಥ್ರೆಡ್ ಮೇಲೆ ಕೂರಲಿ ಅಂತ 35ರ ತೂತು. ಮೌಂಟನ್ ಬೈಕಿನಲ್ಲಿ ಶೆಲ್ 73 ಇದ್ದರೆ ಇಂಥದ್ದು ಒಂದು, 68 ಇದ್ದರೆ ಮೂರು ಹಾಕುತ್ತಾರೆ, ಕಪ್ಪಿಗೂ ಫ್ರೇಮಿಗೂ ನಡುವೆ. ನೀವು ಅದನ್ನು ಬೇರಿಂಗ್ ಹೊರಗೆ ಹಾಕಿದಿರಿ. ಐದು ಮಿ.ಮೀ. ಸಡಿಲ ಇರುವುದರಿಂದ ಅದು ಕೆಳಕ್ಕೆ ಜೋತುಬಿದ್ದು, ಒಂದು ಕಡೆ ಬೇರಿಂಗಿನ ರಬ್ಬರ್ ಸೀಲ್ ಮೇಲೆ, ಹೊರಗಿನ ರೇಸ್ (ಬೇರಿಂಗಿನ ಹೊರಬಳೆ) ಮೇಲೆ ಒತ್ತಿಕೊಂಡಿದೆ. ಹೊರರೇಸ್ ನಿಂತಿರುತ್ತೆ, ಆರ್ಮ್ ತಿರುಗುತ್ತೆ, ನಡುವೆ ನಿಮ್ಮ ರಿಂಗ್ ಬ್ರೇಕ್ ಕೆಲಸ ಮಾಡುತ್ತೆ. ಸೀಲ್ ಮೇಲೆ ಅರ್ಧಚಂದ್ರದ ಗೆರೆ ಬಿದ್ದಿರಬೇಕು, ನೋಡಿ.

ಬೇರಿಂಗ್ ಹೊರಗೆ ಹಾಕುವ ವಾಷರ್ ಒಳರೇಸ್‌ಗೆ ಮಾತ್ರ ತಾಗಬೇಕು. 6806ರಲ್ಲಿ ಒಳರೇಸ್ ತೆಳ್ಳಗಿರುತ್ತೆ, ಹಾಗಾಗಿ ವಾಷರ್ ಒಳಗೆ 30ಕ್ಕಿಂತ ಕೂದಲೆಳೆ ಜಾಸ್ತಿ, ಹೊರಗೆ 33–34ರ ಒಳಗೆ ಇರಲಿ. ದಪ್ಪ ಒಂದನ್ನೇ ನೋಡಿ ಹಾಕಿದರೆ ಹೀಗೇ ಆಗುವುದು.

ಇನ್ನು ರೈನ್ ಅವರ ಸಲಹೆ. ಆಗಲ್ಲ ಅಂತ ಹೇಳಲ್ಲ. ಆದರೆ ಕಪ್ಪಿನ ಥ್ರೆಡ್ಡಿನಲ್ಲಿ ಎರಡೂವರೆ ಮಿ.ಮೀ. ಹಿಡಿತ ಹೋಗುತ್ತೆ. 24 ಟಿಪಿಐ, ಇಂಚಿಗೆ 24 ಎಳೆ, ಅಂದರೆ ಹೆಚ್ಚುಕಡಿಮೆ ಎರಡು ಮುಕ್ಕಾಲು... ಇರಿ, ಲೆಕ್ಕ ಹಾಕುತ್ತೇನೆ. ಪಿಚ್ 1.06, ಹಾಗಾಗಿ ಎರಡೂಕಾಲಿಗಿಂತ ಸ್ವಲ್ಪ ಜಾಸ್ತಿ ಸುತ್ತು. ಹಳೇ ಅಲ್ಯೂಮಿನಿಯಂ ಫ್ರೇಮಿನಲ್ಲಿ ನನಗೆ ಅದು ಇಷ್ಟ ಇಲ್ಲ. ಮೇಲಾಗಿ ಕ್ರ್ಯಾಂಕ್ ಬಲಕ್ಕೆ ಜಾಸ್ತಿ ಹೋಗುತ್ತೆ. ಬಲ ಆರ್ಮ್ 6.5, ಎಡ 4.5.


ರೈನ್ ದಡದಿಂದ:

ಥ್ರೆಡ್ ಹಿಡಿತದ ಮಾತು ಒಪ್ಪುತ್ತೇನೆ. ಆದರೆ ಮೌಂಟನ್ ಬೈಕ್‌ಗಳಲ್ಲಿ ಬಲಗಡೆ ಇಂಥ ರಿಂಗ್ ಎರಡು ಹಾಕಿ ಕಲ್ಲುಬಂಡೆ ಮೇಲೆ ಓಡಿಸುತ್ತಾರೆ, ಏನೂ ಆಗಲ್ಲ. ಎಡ-ಬಲ ಒಂದು ಮಿ.ಮೀ. ಸರಿದದ್ದು ಮೊಣಕಾಲಿಗೆ ಗೊತ್ತಾಗುತ್ತಾ? ನಮ್ಮ ಎರಡು ಶೂಗಳ ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ಅದಕ್ಕಿಂತ ಜಾಸ್ತಿ ಆಚೀಚೆ ಇರುತ್ತವೆ.


ಪೀಣ್ಯ ಫಿಟ್ಟರ್:

ನಿಮ್ಮ ಡಿಸ್ಕ್ ಫ್ರೇಮಿಗೆ 44.4 ಬಂಗಾರದಂಥ ಅಳತೆ. ಇವರದು 130ರ ಹಬ್. ಸರಿಯಾಗಿ ನಡುವಿಗೆ ತರುವ ದಾರಿ ಇರುವಾಗ ಯಾಕೆ ಬಿಡಬೇಕು? ಬೇರಿಂಗಿನ ಹೊರಗೆ, ಆಕ್ಸಲ್ ಮೇಲೆ, ಬಲಗಡೆ 1.5, ಎಡಗಡೆ 1.0 ಮತ್ತು ಅಲೆ ವಾಷರಿನ 0.7. ಕೂಡಿಸಿ: 3.2. ಎಡಕ್ಕೆ ಚೀಲದ 1.0 ಆಗುತ್ತೆ, ಅದರ ಒಳವ್ಯಾಸವನ್ನೂ ಒಮ್ಮೆ ನೋಡಿಕೊಳ್ಳಿ. ಬಲಗಡೆಗೆ 0.5ರ ಎರಡು ಸೇರಿಸಿದರೂ 1.0 ಮಾತ್ರ, ಸಾಲಲ್ಲ. ಲೇತಿನಲ್ಲಿ ಒಂದು 1.5ರ ರಿಂಗ್ ಮಾಡಿಸಿಕೊಳ್ಳಿ.


ಹಳೇ ಅಟ್ಲಾಸ್:

ನಡುವೆ ಬಾಯಿ ಹಾಕುತ್ತೇನೆ. ಇಷ್ಟೆಲ್ಲಾ ಮಾಡಿ ಉಳಿಯುವ ತೂಕ ಎಷ್ಟು?


ಜಯನಗರದ ಸವಾರ:

ಹಳೆಯದು ನನ್ನ ಅಡುಗೆಮನೆ ತಕ್ಕಡಿಯಲ್ಲಿ 720 ಗ್ರಾಂ. ಇದು 565. ನಗಬೇಡಿ.


ಹಳೇ ಅಟ್ಲಾಸ್:

155 ಗ್ರಾಂ. ಬೆಳಗ್ಗೆ ಹೊರಡುವ ಮುಂಚೆ ಬಾತ್‌ರೂಮಿಗೆ ಹೋಗಿಬಂದರೆ ಅಷ್ಟು ಉಳಿಯುತ್ತೆ. ಅದೂ ಅಂಟು ಹಾಕಿ ಕೂರಿಸಿದ ಕ್ರ್ಯಾಂಕ್. ಒಂದೇ ತುಂಡು ಲೋಹ ಅಂದರೆ ನಂಬಿಕೆ ಇರುತ್ತೆ.


ರೈನ್ ದಡದಿಂದ:

ಅಣ್ಣಾ, ಅಂಟು ಕಾರ್ಬನ್ನಿಗೆ ಮಾತ್ರ ಅಂದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ತಪಾಸಣೆಗೆ ಕರೆದದ್ದು ಅಲ್ಯೂಮಿನಿಯಂ ಕ್ರ್ಯಾಂಕ್‌ಗಳನ್ನೇ. 2019ರ ಜೂನ್‌ವರೆಗೆ ತಯಾರಾದ 11 ಸ್ಪೀಡ್ ಅಲ್ಟೆಗ್ರಾ, ಡ್ಯುರಾ ಏಸ್. ಟೊಳ್ಳು ಆರ್ಮಿನ ಎರಡು ಭಾಗ ಅಂಟಿಸಿದ್ದು ಬಿಟ್ಟುಕೊಳ್ಳುತ್ತಿತ್ತು. ಅಮೆರಿಕ ಒಂದರಲ್ಲೇ 6,80,000ದಷ್ಟು. ನಿಮ್ಮ ಹತ್ತಿರ ಆ ಕಾಲದ್ದು ಇದ್ದರೆ ಒಳಮೈ ಒರೆಸಿ, ಬಿರುಕಿನ ಗೆರೆ ಇದೆಯಾ ಅಂತ ಒಮ್ಮೆ ನೋಡಿ.


ಹಳೇ ಅಟ್ಲಾಸ್:

ನನ್ನ ಹತ್ತಿರ ಕಾಟರ್ ಪಿನ್ ಇದೆ.


ಜಯನಗರದ ಸವಾರ:

ಶನಿವಾರದ ವರದಿ.

ಸೀಲ್ ಮೇಲೆ ಗೆರೆ ಇತ್ತು. ಫಿಟ್ಟರ್ ಹೇಳಿದ ಹಾಗೇ, ಬೆಳ್ಳಗೆ, ಅರ್ಧಚಂದ್ರ. ಬೆರಳಲ್ಲಿ ತಿರುಗಿಸಿದರೆ ಎಡ ಬೇರಿಂಗ್ ಮರಳು ತುಂಬಿದ ಹಾಗೆ ‘ಗರಗರ’ ಅಂತು. ಓಡಿಸಿದ್ದು ಬರೀ 400 ಕಿ.ಮೀ. ಹೊಸ 6806 ತಂದೆ.

ಲೇತ್ ಹುಡುಕಿಕೊಂಡು ಪೀಣ್ಯಕ್ಕೆ ಹೋದೆ. ಮೊದಲ ಅಂಗಡಿಯವರು ವರ್ನಿಯರ್ ನೋಡಿ, ನನ್ನ ಮುಖ ನೋಡಿ, ‘ಒಂದೂವರೆ ಎಂಎಂ ರಿಂಗ್ ಒಂದೇನಾ ಸಾರ್? ಒಂದು ಲಾಟ್ ಇದ್ದರೆ ಹೇಳಿ’ ಅಂದರು. ಎರಡನೆಯ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಇದ್ದರು. ಕ್ರ್ಯಾಂಕ್ ತೋರಿಸಿದೆ. ಕೈಯಲ್ಲಿ ಎತ್ತಿ ತೂಗಿ, ‘ಇದು ಪ್ಲಾಸ್ಟಿಕ್ಕಾ?’ ಅಂತ ಕೇಳಿದರು. ಅಲ್ಯೂಮಿನಿಯಂ ರಾಡಿನ ತುಂಡೊಂದನ್ನು ಲೇತಿನ ಚಕ್‌ಗೆ ಕಚ್ಚಿಸಿ, ತೂತು 30.1ಕ್ಕೆ ಬೋರ್ ಹೊಡೆದು, ಹೊರಗೆ 33.5ಕ್ಕೆ ಇಳಿಸಿ, ಮೂರು ರಿಂಗ್ ಕತ್ತರಿಸಿ ಕೊಟ್ಟರು. ಅಂಚಿನ ಬರ್ ಹೋಗಲಿ ಅಂತ ಗಾಜಿನ ತುಂಡಿನ ಮೇಲೆ ಎಮರಿ ಪೇಪರ್ ಇಟ್ಟು, ಬೆರಳ ತುದಿಯಲ್ಲಿ ಎಂಟಂಕಿ ಬರೆದ ಹಾಗೆ ಉಜ್ಜಿದರು. ಮಧ್ಯೆ ಮಧ್ಯೆ ಅಳೆದು ನೋಡಿದ್ದು ಮೈಕ್ರೋಮೀಟರಿನಲ್ಲಿ. 1.50, 1.50, 1.48. ‘ಮೂರನೆಯದು ಸ್ಪೇರ್ ಇಟ್ಕೊಳಿ’ ಅಂದರು. 150 ರೂಪಾಯಿ.

ಮನೆಗೆ ಬಂದು ಬಲಗಡೆ ಹೊಸ ರಿಂಗ್, ಎಡಗಡೆ 1.0 ಮತ್ತು ಅಲೆ ವಾಷರ್. ಆ 1.0ರ ಒಳವ್ಯಾಸ 30.2 ಇತ್ತು, ಪುಣ್ಯ. ಎಡ ಬೋಲ್ಟಿಗೆ ಗ್ರೀಸ್ ಹಚ್ಚಿ, ಆರ್ಮ್ ಮೇಲೆ ಬರೆದಿದ್ದಷ್ಟೇ ಟಾರ್ಕ್ ಕೊಟ್ಟೆ. ಚೈನ್ ಹಾಕದೆ ತಿರುಗಿಸಿ ಬಿಟ್ಟರೆ ಈಗ ಉಯ್ಯಾಲೆ ಹಾಗೆ ಆಚೀಚೆ ತೂಗಿ ನಿಲ್ಲುತ್ತೆ. ಆರ್ಮ್ ಹಿಡಿದು ಅಲುಗಿಸಿದರೆ ಸದ್ದಿಲ್ಲ. ಎರಡೂ ಕಡೆ 5.5. ಚೈನ್‌ಲೈನ್ 43.4. ಚೈನ್‌ಸ್ಟೇ ಸಂದಿನಲ್ಲಿ ಮೊದಲು ಒಂದು ಎಟಿಎಂ ಕಾರ್ಡ್ ಹೋಗುತ್ತಿತ್ತು, ಈಗ ಮೂರು ಹೋಗುತ್ತವೆ. ಒಂದು ಕಾರ್ಡ್ 0.76 ದಪ್ಪ, ಲೆಕ್ಕ ಸರಿಹೋಯಿತು. ಮೂರನೆಯ ಕಾರ್ಡ್ ಹೆಂಡತಿಯದು. ಯಾಕೆ ಬೇಕು ಅಂತ ಹೇಳುವಷ್ಟರಲ್ಲಿ ಸಾಕಾಯಿತು.


ಕುಡ್ಲದ ಸೈಕಲ್:

ಪೆಡಲ್ ಹಾಕುವಾಗ ತೆಳ್ಳನೆಯ ವಾಷರ್ ಹಾಕಿದಿರಾ? ಕಾರ್ಬನ್ ಆರ್ಮಿಗೆ ಅದು ಬೇಕಾಗುತ್ತದೆ. ಇಲ್ಲದಿದ್ದರೆ ಪೆಡಲಿನ ಅಂಚು ಕಾರ್ಬನ್ನಿಗೆ ಕೊರೆಯುತ್ತದೆ.


ಜಯನಗರದ ಸವಾರ:

ಚೀಲದಲ್ಲಿ ಇತ್ತು. ಯಾತಕ್ಕೆ ಅಂತ ಗೊತ್ತಾಗದೆ ಎಸೆಯುವುದರಲ್ಲಿದ್ದೆ. ಹಾಕಿದೆ, ಥ್ಯಾಂಕ್ಸ್.


ಧಾರವಾಡ ಪೇಡೆ:

ಮೊದಲು ಬಿಗಿ ಮಾಡ್ರಿ ಅಂದಿದ್ದಕ್ಕ ಕ್ಷಮಿಸ್ರಿ. ಒಂದು ವಿಷಯ ಮಾತ್ರ ಖರೇನ ಗೊತ್ತದ. ಹೊರಗಿನ ಚೈನ್‌ರಿಂಗಿಗೆ ಒಂದು ಸಣ್ಣ ಲೋಹದ ಮೊಳೆ ಇರುತ್ತದೆ ನೋಡ್ರಿ, ಅದು ಆರ್ಮಿನ ಹಿಂದ ಬರಬೇಕು. ಚೈನ್ ಹೊರಗ ಬಿದ್ದಾಗ ಆರ್ಮಿಗೂ ರಿಂಗಿಗೂ ನಡುವೆ ಸಿಕ್ಕಿ ಕಾರ್ಬನ್ ತಿನ್ನಬಾರದು ಅಂತ. ಬೇರೆ ಕಂಪನಿ ರಿಂಗ್ ಹಾಕಿದರ ಮೊಳೆ ಗಿಡ್ಡ ಆಗತದ, ಆರ್ಮಿಗೆ ಮುಟ್ಟೂದಿಲ್ಲ. ನನಗ ಒಮ್ಮೆ ಸಿಕ್ಕು, ಬಿಡಿಸಲಿಕ್ಕೆ ಅರ್ಧ ತಾಸು ಹಿಡೀತು.


ಜಯನಗರದ ಸವಾರ:

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. ಮೊಳೆ ಹಿಂದೇ ಇದೆ, ಆದರೆ ಆರ್ಮಿಗೂ ಅದಕ್ಕೂ 3 ಮಿ.ಮೀ. ಅಂತರ. ಚೈನ್ ಆರಾಮಾಗಿ ನುಗ್ಗುತ್ತೆ. ಸದ್ಯಕ್ಕೆ ಫ್ರಂಟ್ ಡಿರೇಲರಿನ ಹೊರಗಿನ ಲಿಮಿಟ್ ಸ್ಕ್ರೂ ಬಿಗಿ ಮಾಡಿದ್ದೇನೆ. ಹೇಗೂ ಕ್ರ್ಯಾಂಕ್ ಒಂದೂವರೆ ಸರಿದದ್ದರಿಂದ ಎರಡೂ ಲಿಮಿಟ್ ಹೊಸದಾಗಿ ಇಡಬೇಕಿತ್ತು.

ಭಾನುವಾರ ನಂದಿ ಹತ್ತಿ ಬಂದೆ. ಕೊನೆಯ ತಿರುವುಗಳಲ್ಲಿ ಎದ್ದು ನಿಂತು ತುಳಿದೆ. ಸದ್ದಿಲ್ಲ. ಎದ್ದ ಪೇಂಟ್ ಮೇಲೆ ಸದ್ಯಕ್ಕೆ ಹೆಂಡತಿಯ ನೇಲ್ ಪಾಲಿಷ್ ಹಚ್ಚಿದ್ದೇನೆ, ಬಣ್ಣ ಹೊಂದಿಲ್ಲ.


ಹೊಸಬ 42:

ಸರ್, ಎಳೆ ಪೂರ್ತಿ ಓದಿಲ್ಲ. ನಾನೂ ಅದೇ ಥರದ ಕ್ರ್ಯಾಂಕ್ ತಗೋಬೇಕು ಅಂತಿದ್ದೀನಿ. 30 ಎಂಎಂ ಅಂತ ಹಾಕಿದ್ದಾರೆ. ನನ್ನ ಸೈಕಲಿಗೆ ಕೂರುತ್ತಾ?


ಜಯನಗರದ ಸವಾರ:

ಬೇರಿಂಗ್ ಮುಖದಿಂದ ಮುಖಕ್ಕೆ ಎಷ್ಟು?